ಬಾಸ್ ಸತ್ತ ಜೀಪು

"ತಾಯಿ ನಮ್ಮ ಮನ್ಯಾಗ ರೊಟ್ಟಿ ಬಡೀತಾಳ, ಮಗ ನಮ್ಮ ಮನಿ ಬಂಗಾರ ಹೊಡೀತಾನ! ನೋಡ್ರೆಪಾ ಎಲ್ಲಾರೂ, ಕಣ್ತುಂಬ ನೋಡ್ರಿ ಇವನ ಮಾರಿ. ಬಂಗಾರ ಹೊಡದದ್ದು ಸಾಲಲಿಲ್ಲಂತ, ಬಾಸ್‌ನ್ಯಾಗೂ ಮೋಸ ಮಾಡ್ಯಾನ ಹಲ್ಕಟ್!"

ಗೊಬ್ಬೂರಿನ ಹಣಮಂತ್ರಾಯನ ಗಂಟಲು ಮೊದಲೇ ದೊಡ್ಡದು. ಚೌಡಾಪುರ ಕ್ರಾಸಿನಲ್ಲಿ ಗುರುವಾರದ ಗದ್ದಲ ಬೇರೆ. ಗಾಣಗಾಪುರಕ್ಕೆ ಹೊರಟ ಭಕ್ತರು, ಅಫಜಲಪುರದ ಬಸ್ಸಿಗೆ ಕಾದವರು, ಪಾನ್ ಡಬ್ಬಿಯ ಮುಂದೆ ಒರಗಿದವರು, ಎಲ್ಲರೂ ತಿರುಗಿದರು. ಚಹಾದಂಗಡಿಯ ಬೆಂಚಿನ ಮೇಲಿದ್ದವರ ಬಸಿಗಳು ತುಟಿಯ ಹತ್ತಿರವೇ ನಿಂತುಬಿಟ್ಟವು.

ದಶರಥ ತನ್ನ ತಗಡಿನ ಅಂಗಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಯಾರದೋ ಟೇಪಿನ ಹೆಡ್ಡು ಒರೆಸುತ್ತಿದ್ದ. ಎದ್ದೇಳಲಿಲ್ಲ. ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಇನ್ನೊಮ್ಮೆ ಒರೆಸಿದ. ಸಿಟ್ಟು ಬಂದಾಗ ಕೈಗೆ ಕೆಲಸ ಕೊಡಬೇಕು, ಇಲ್ಲವಾದರೆ ಕೈ ತಾನೇ ಕೆಲಸ ಹುಡುಕಿಕೊಳ್ಳುತ್ತದೆ. ಏಳನೇ ಇಯತ್ತೆಯಲ್ಲಿ ಮಾಸ್ತರರ ಬೆತ್ತ ಕಸಿದು ಮುರಿದು ಸಾಲೆ ಬಿಟ್ಟು ಬಂದವನು ಅವನು. ಸಾಲೆಯಿಂದ ಅವನು ತಂದ ವಿದ್ಯೆ ಅದೊಂದೇ.

ಹೋದ ವಾರದ ಸೋಮವಾರ ಹಣಮಂತ್ರಾಯನ ಈ ಪಾಸಿಂಜರ್ ಜೀಪು, ಟೇಪಿನ ಹಾಡಿಗೆ ಎದೆ ನಡುಗಿಸುವ ಬಾಸ್ ಕೂರಿಸಲೆಂದು, ಇದೇ ಅಂಗಡಿಯ ಮುಂದೆ ನಿಂತಿತ್ತು. ಅಂದು ಹಣಮಂತ್ರಾಯನ ಅಕ್ಕ ಸುಭದ್ರಾಬಾಯಿ ಸೀಟಿನ ಮೇಲೆ ಬಿಟ್ಟುಹೋಗಿದ್ದ ಕೈಚೀಲದಿಂದ ಬಂಗಾರದ ಗುಂಡಿನ ಬೋರಮಾಳ ಸರ ಮಾಯವಾಗಿತ್ತು. ಅಂದಿನಿಂದ ಕಳ್ಳ ಅಂದರೆ ದಶರಥ, ದಶರಥ ಅಂದರೆ ಕಳ್ಳ.

ಪೊಲೀಸ್ ಜಮಾದಾರ ದೌಲತರಾಯ ಅವನಿಗೆ ಇವತ್ತಿನ ಸಂಜೆಯ ತನಕ ಹೊತ್ತು ಕೊಟ್ಟಿದ್ದ. ಅಷ್ಟರೊಳಗೆ ಸರ ಸಿಗಲಿಲ್ಲವೆಂದರೆ ಠಾಣೆ. ಠಾಣೆಯ ಮೆಟ್ಟಿಲು ಹತ್ತಿ ಇಳಿದವನ ಕೈಗೆ ಈ ಜೀಪಿನ ಲೈನಿನಲ್ಲಿ ಯಾರು ತಮ್ಮ ಗಾಡಿಯ ಚಾವಿ ಕೊಡುತ್ತಾರೆ? ಅಂಗಡಿ ತಾನಾಗಿಯೇ ಮುಚ್ಚುತ್ತದೆ.

ಇಡೀ ವಾರದಲ್ಲಿ ಒಬ್ಬಳು ಮಾತ್ರ ಅವನನ್ನು "ನೀ ತಗೊಂಡಿಯೇನು?" ಎಂದು ಕೇಳಿರಲಿಲ್ಲ. ಅವನ ಅವ್ವ ನಿಂಬೆವ್ವ. ದಿನಾ ರಾತ್ರಿ ತಾಟು ಮುಂದಿಟ್ಟು, ಒಲೆಯ ಕಡೆ ಮುಖ ಮಾಡಿ ಕೂಡುತ್ತಿದ್ದಳು. ಊರೆಲ್ಲ ಕೇಳಿದ್ದನ್ನು ಅವಳು ಕೇಳಲಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ ಅವನು ಈ ವಾರ ತಳ್ಳಿದ್ದ.

"ಏನಲೇ, ಕಿವಿ ಕೇಳ್ಸಂಗಿಲ್ಲೇನು? ಮಂದಿ ಕಿವಿ ಹರಿಯೂ ಹಂಗ ಬಾಸ್ ಕೂಡಸ್ತಿ, ನಿಂದೇ ಕಿವುಡಾತೇನು?" ಎಂದ ಹಣಮಂತ್ರಾಯ.

ಬೆಂಚಿನ ಮೇಲೆ ಎರಡು ಮೂರು ಜನ ನಕ್ಕರು.

ದಶರಥ ಟೇಪು ಕೆಳಗಿಟ್ಟ. ಕೇಳಿದ್ದು ಹಣಮಂತ್ರಾಯನನ್ನಲ್ಲ, ಸ್ಟೇರಿಂಗಿನ ಹಿಂದೆ ಮುದುಡಿ ಕೂತಿದ್ದ ಡ್ರೈವರ್ ಭಗವಂತನನ್ನು.

"ಬಾಸ್ ಯಾವಾಗ ಸತ್ತದ?"

"ಸೋಮವಾರ ನೀ ಕೂಡಿಸಿ ಕೊಟ್ಯಲ್ಲ, ಅವತ್ತು ಎದಿ ಗದಗದ ನಡಗತಿತ್ತೋ ದಶ್ಯಾ. ಮಂಗಳವಾರನೂ ಹಂಗೇ. ಸಂಜೀಕ ಸಾವ್ಕಾರ್ರ ವಾಡೆದಾಗ ಗಾಡಿ ಬಿಟ್ಟು, ಚಾವಿ ಕೊಟ್ಟು ಮನೀಗಿ ಹೋದೆ. ಬುಧವಾರ ಮುಂಜಾನಿ ಚಾಲೂ ಮಾಡ್ತೇನಿ, ಸತ್ತು ಬಿದ್ದಾದ. ವಾರಾತು, ಡಬ್ಬ್ಯಾಗ ನೊಣ ಬಿದ್ದಂಗ ಗುಂಯ್ ಅಂತದ ನೋಡು."

"ಎಲ್ಲರೆ ಕುಣಿಗಿ ಗಿಣಿಗಿ ಬಿದ್ದಿತ್ತ?"

"ವಾಡೆದಾಗ ನಿಂತ ಗಾಡಿ ಯಾವ ಕುಣಿಗಿ ಬೀಳ್ತದಪಾ?"

"ನಿಮ್ಮಿಬ್ಬರ ಪುರಾಣ ಸಾಕು," ಎಂದ ಹಣಮಂತ್ರಾಯ. "ಆಳಂದದ ಗಾಡಿಯವ್ರು ನಕ್ಕೋತ ನನ್ನ ಪಾಸಿಂಜರ್ ಎತ್ತಿಕೊಂಡು ಹೊಂಟಾರ. ಅಕ್ಕನ ಸರಾ ಒತ್ತಿ ಇಟ್ಟು ಯುಗಾದಿ ಒಳಗ ಎರಡನೇ ಜೀಪ್ ತರಾಂವ ಇದ್ದೆ ನಾ. ಮೊದಲನೇದೇ ಹಿಂಗ ಕೆಮ್ಮಾಕತ್ರ ಹ್ಯಾಂಗ? ಜೇವರ್ಗಿಗೆ ಹೊಂಟೇವಿ, ಜಲ್ದಿ ಸರಿ ಮಾಡು. ಪುಗಸಟ್ಟೆ ಮಾಡು. ಸರದ ಲೆಕ್ಕ ಸಂಜೀಕ ಜಮಾದಾರ್ರು ನೋಡ್ಕೋತಾರ."

ಅವನು ಹೇಳಿದ್ದರಲ್ಲಿ ಪಾಸಿಂಜರಿನ ಮಾತು ಸುಳ್ಳಲ್ಲ. ಈ ಲೈನಿನಲ್ಲಿ ಜನ ಸೀಟು ನೋಡಿ ಜೀಪು ಹತ್ತುತ್ತಿರಲಿಲ್ಲ, ಸದ್ದು ಕೇಳಿ ಹತ್ತುತ್ತಿದ್ದರು. ಭೂಸನೂರಿನ ಸಕ್ಕರೆ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ಹುಡುಗರಂತೂ ಮುಂದಿದ್ದ ಖಾಲಿ ಜೀಪು ಬಿಟ್ಟು, ಹಿಂದೆ ಧಮ್ ಧಮ್ ಎನ್ನುವ ಜೀಪಿನ ಹಲಗೆಗೆ ಜೋತುಬಿದ್ದು ಹೋಗುವವರು.

ಆ ಧಮ್ ಧಮ್ ದಶರಥನ ಕೈಯಿಂದ ಬಂದದ್ದು. ಪೇಟೆಯಿಂದ ಬರುವ ಮರದ ಡಬ್ಬಿಗಳು ಈ ರಸ್ತೆಯ ಮೇಲೆ ತಿಂಗಳೊಪ್ಪತ್ತಿನಲ್ಲಿ ಬಾಯಿ ಬಿಡುತ್ತಿದ್ದವು. ಅವನು ಮಣ್ಣಿನ ಗಡಿಗೆ ಹಚ್ಚಿದ. ಎರಡು ಬೆಂಚುಗಳ ಕೆಳಗೆ ಒಂದೊಂದು ಗಡಿಗೆ ಓರೆಯಾಗಿ ಮಲಗಿಸಿ, ಒಡೆಯದಂತೆ ಸುತ್ತ ಹೊಟ್ಟು ತುಂಬಿ, ಹಲಗೆ ಬಡಿದು, ಬಾಯಿಗೆ ಸ್ಪೀಕರ್ ಕೂರಿಸಿ, ಸಂದಿಗೆಲ್ಲ ಬೂದು ಪುಟ್ಟಿ ಮೆತ್ತುತ್ತಿದ್ದ. ಸೂಜಿ ತೂರುವಷ್ಟು ಸಂದಿ ಉಳಿದರೂ ಗಾಳಿ ಸೋರಿ ಬಾಸ್ ಸಾಯುತ್ತದೆ.

"ಬಾಸ್ ಅಂದ್ರ ಆವಾಜ್ ಅಲ್ಲ ಬೇಟಾ, ಖಾಲಿ ಜಗಾ," ಎನ್ನುತ್ತಿದ್ದ ಅವನಿಗೆ ಕೆಲಸ ಕಲಿಸಿದ ಆಳಂದದ ಅಬ್ದುಲ್ ಗನಿ ಚಾಚಾ. "ಖಾಲಿ ಜಗಾ ಕೊಡು, ಅದೇ ಮಾತಾಡ್ತದ."

ದಶರಥ ಎದ್ದು ಜೀಪಿನ ಹಿಂದೆ ಬಂದ. ಅಲ್ಲಿ ಬಲಗಡೆಯ ಬೆಂಚಿನ ಮೇಲೆ ಸುಭದ್ರಾಬಾಯಿ ಕೂತಿದ್ದಳು. ತಲೆಯ ಮೇಲಿನ ಸೆರಗು ಕಿವಿ ಮುಚ್ಚಿ ಇಳಿದಿತ್ತು, ಎರಡೂ ಕೈ ಬೆಂಚಿನ ಅಂಚು ಹಿಡಿದಿದ್ದವು.

"ಅಕ್ಕಾರ, ಸ್ವಲ್ಪ ಇಳೀರಿ. ಬೆಂಚ್ ಎತ್ತಬೇಕು."

"ಈಗ್ಯಾಕೋ ತಮ್ಮಾ?" ಎಂದಳು. ದನಿ ಮೆತ್ತಗಿತ್ತು. "ಹಣಮಂತಾ, ಹೊತ್ತಾಗ್ತದೋ. ದ್ರೌಪದಿ ಜೇವರ್ಗ್ಯಾಗ ದಾರಿ ನೋಡಾಕತ್ತಿರ್ತಾಳ. ಬಾಸ್ ಆಮ್ಯಾಲ ಮಾಡಿಸ್ಕೋ. ಮಗಳ ಮನೀಗಿ ನಾನೇನು ಧಮ್ ಧಮ್ ಅಂತ ಹೋಗಬೇಕೇನು?"

"ಮುಂದಿನ ಸೀಟ್ ಖಾಲಿ ಅದಲ್ಲ ಅಕ್ಕಾರ, ಅಲ್ಲಿ ಕೂಡ್ರಿ," ಎಂದ ದಶರಥ.

"ನಾನೂ ಅದೇ ಅಂದೆ," ಎಂದು ಭಗವಂತ ಕತ್ತು ಹೊರಳಿಸಿದ. "ಯಾವತ್ತೂ ಮುಂದೇ ಕೂಡಾವ್ರು. ಇವತ್ತು ಬಿಸಲ ಅಂತ ಹಿಂದ ಕುಂತಾರ."

ದಶರಥ ಆಕಾಶ ನೋಡಿದ. ಮೋಡ ಕವಿದಿತ್ತು.

"ಇಳಿ ಅಕ್ಕಾ," ಎಂದ ಹಣಮಂತ್ರಾಯ. ಸುಭದ್ರಾಬಾಯಿ ಇಳಿದಳು. ಆದರೆ ದೂರ ಹೋಗಲಿಲ್ಲ. ಗಾಲಿಯ ಪಕ್ಕದಲ್ಲಿ ನಿಂತಳು.

ದಶರಥ ಮೊದಲು ಬ್ಯಾಟರಿಯ ತುದಿ ನೋಡಿದ. ಬಾಸ್‌ಗೆ ಕರೆಂಟಿನ ಹಸಿವು ಹೆಚ್ಚು. ವೈರು ಸಡಿಲಾದರೆ ಹಾಡು ಉಳಿದು ಬಾಸ್ ಮೊದಲು ಹೋಗುತ್ತದೆ. ತುದಿ ಬಿಗಿಯಾಗಿತ್ತು.

ಆಮೇಲೆ ಎರಡೂ ಸ್ಪೀಕರಿನ ವೈರು ನೋಡಿದ. ಒಂದಕ್ಕೆ ಕೆಂಪು-ಕಪ್ಪು ಅದಲಿಬದಲಿಯಾದರೆ ಒಂದು ಸ್ಪೀಕರ್ ಗಾಳಿಯನ್ನು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಜಗ್ಗುತ್ತದೆ. ಒಂದರ ಬಾಸನ್ನು ಇನ್ನೊಂದು ತಿಂದುಹಾಕುತ್ತದೆ. ಅದೂ ಸರಿಯಿತ್ತು. ಅವನು ಹಾಕಿದ ಗಂಟು ಅವನು ಹಾಕಿದಂತೆಯೇ ಇತ್ತು.

"ಕ್ಯಾಸೆಟ್ ಹಾಕು," ಎಂದ.

ಭಗವಂತ ಡೊಳ್ಳಿನ ಪದದ ಕ್ಯಾಸೆಟ್ ತುರುಕಿದ. ದಶರಥ ಬಲಗಡೆಯ ಸ್ಪೀಕರಿನ ವೈರು ಕಿತ್ತ. ಎಡಗಡೆಯದೊಂದೇ ಹಾಡಿತು. ಪಾನ್ ಡಬ್ಬಿಯ ಗಾಜಿನ ಬಾಟಲಿಗಳು ನಡುಗಿದವು. ಭಕ್ತರ ಗುಂಪಿನ ಮುದುಕಿಯೊಬ್ಬಳು ಎದೆ ಮೇಲೆ ಕೈ ಇಟ್ಟುಕೊಂಡು, "ಶಿವಾ, ಇದೇನು ಗಾಡಿಯೋ ಗುಡುಗೋ?" ಎಂದಳು.

ಈಗ ಎಡಗಡೆಯದು ಕಿತ್ತು ಬಲಗಡೆಯದು ಜೋಡಿಸಿದ. ಡೊಳ್ಳು ಹೋಯಿತು. ಯಾರೋ ಹಾಸಿಗೆ ಕೊಡವುತ್ತಿದ್ದಂತೆ ಥಪ್ ಥಪ್ ಎಂದಿತು.

"ಒಂದು ಜೀವಂತ ಅದ, ಒಂದು ಸತ್ತದ," ಎಂದ ದಶರಥ.

"ಅದನ್ನ ಹೇಳಾಕ ನೀ ಬೇಕೇನು?" ಎಂದ ಹಣಮಂತ್ರಾಯ.

ದಶರಥ ಟೇಪು ಬಂದ್ ಮಾಡಿಸಿ, ಎರಡೂ ಬೆಂಚಿನ ಹಲಗೆ ಎತ್ತಿದ. ಹೊಟ್ಟಿನೊಳಗೆ ಮಲಗಿದ ಗಡಿಗೆಗಳ ಹೊಟ್ಟೆಯಷ್ಟೇ ಕಂಡಿತು. ಬಾಯಿಯ ಕಡೆ ಅಡ್ಡಹಲಗೆ ಇತ್ತು.

ಎಡಗಡೆಯ ಗಡಿಗೆಯನ್ನು ಬೆರಳಿನ ಗೆಣ್ಣಿನಿಂದ ಬಡಿದ. ಟಣ್ ಎಂದಿತು.

ಗಡಿಗೆ ಬಡಿದು ನೋಡುವುದನ್ನು ಕಲಿಸಿದವಳು ಅವ್ವ. ಈ ಎರಡೂ ಗಡಿಗೆಗಳನ್ನು ಅಫಜಲಪುರದ ಸಂತೆಯಲ್ಲಿ ಆರಿಸಿ ಕೊಟ್ಟವಳೂ ಅವಳೇ. ನಿಂಬೆವ್ವನ ಬಲಗೈ ಹೆಬ್ಬೆರಳು ದನದ ಮೇವಿನ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕು ಅರ್ಧ ಹೋಗಿತ್ತು. ಉಳಿದ ಮೊಂಡು ತುದಿಯಿಂದಲೇ ಒಂದೊಂದು ಗಡಿಗೆ ಬಡಿದು, ಕಿವಿ ಹಚ್ಚಿ, "ಇದು ಸೀಳ್ಯಾದ, ಒಲ್ಲೆ. ಇದು ಚಲೋ ಮಾತಾಡ್ತದ, ತಗೋ," ಎಂದಿದ್ದಳು. ಕುಂಬಾರ ನಕ್ಕು, "ಯವ್ವಾ, ನೀರು ತುಂಬಾಕೋ ಪದಾ ಹಾಡಸಾಕೋ?" ಎಂದರೆ, "ನನ್ನ ಮಗಗ ಕೇಳು," ಎಂದು ಹೆಮ್ಮೆಯಿಂದ ಅವನ ಕಡೆ ಕೈ ತೋರಿಸಿದ್ದಳು.

ಅದೇ ಬಡಿತವನ್ನು ಅವನು ಬಲಗಡೆಯ ಗಡಿಗೆಗೆ ಬಡಿದ.

ಥಪ್.

ಇನ್ನೊಂದು ಸಲ. ಥಪ್. ಒಡೆದ ಗಡಿಗೆ ಹೀಗೆ ಅನ್ನುವುದಿಲ್ಲ; ಅದು ಕರ್ಕಶವಾಗಿ ಕಿರುಗುಟ್ಟುತ್ತದೆ. ಇದು ಹೊಟ್ಟೆ ತುಂಬಿದ ಗಡಿಗೆಯ ಸದ್ದು.

ದಶರಥ ಬೆರಳನ್ನು ಗಡಿಗೆಯ ಮೇಲೆಯೇ ಇಟ್ಟುಕೊಂಡ. ಖಾಲಿ ಜಾಗ ಕೊಟ್ಟಿದ್ದೆನಲ್ಲ. ಅದನ್ನು ತುಂಬಿದವರು ಯಾರು?

ಆಗ ಇರುವೆ ಕಂಡವು. ಕೆಂಪಿರುವೆಯ ಸಾಲೊಂದು ಜೀಪಿನ ಹಿಂದಿನ ಬಾಗಿಲ ಸಂದಿಯಿಂದ ಹತ್ತಿ, ಅಡ್ಡಹಲಗೆಯ ಕೆಳಗೆ ಇಳಿದು, ಬಲಗಡೆಯ ಗಡಿಗೆಯ ಬಾಯಿಯತ್ತ ಹೋಗುತ್ತಿತ್ತು. ಎಡಗಡೆ ಒಂದೂ ಇರಲಿಲ್ಲ. ಪುಟ್ಟಿಗೆ ಇರುವೆ ಮುತ್ತುವುದಿಲ್ಲ. ಅವನು ಹಲಗೆಯ ಸಂದಿಗೆ ಬೆರಳು ಹಾಕಿ ಒಂದು ಚೂರು ಕಿತ್ತು ಮೂಗಿಗೆ ಹಿಡಿದ.

ಬೆಲ್ಲ. ಸುಣ್ಣ ಕಲಸಿದ ಬೆಲ್ಲ.

ತೂತು ಬಿದ್ದ ಕೊಡಕ್ಕೆ, ಬಾಯಿ ಮುಚ್ಚಬೇಕಾದ ಗಡಿಗೆಗೆ ಹಳ್ಳಿಯ ಮನೆಗಳಲ್ಲಿ ಮೆತ್ತುವುದು ಇದನ್ನೇ. ಅಂದರೆ ಯಾರೋ ಅವನ ಪುಟ್ಟಿ ಕೆರೆದು ಸ್ಪೀಕರ್ ಎತ್ತಿದ್ದಾರೆ. ಒಳಗೆ ಏನೋ ತುಂಬಿ, ಮತ್ತೆ ಕೂರಿಸಿ, ಮನೆಯಲ್ಲಿದ್ದದ್ದರಿಂದ ಮುಚ್ಚಿದ್ದಾರೆ. ಮಂಗಳವಾರ ಸಂಜೆಯಿಂದ ಬುಧವಾರ ಬೆಳಗಿನ ನಡುವೆ. ಗಾಡಿ ಹಣಮಂತ್ರಾಯನ ವಾಡೆಯ ಅಂಗಳದಲ್ಲಿ ನಿಂತಿದ್ದಾಗ. ಸೋಮವಾರ ಸಂಜೆ ಗಾಡಿ ಇಲ್ಲಿಂದ ಹೋದ ಮೇಲೆ ದಶರಥ ಅದರ ಗಾಲಿಯನ್ನೂ ಮುಟ್ಟಿರಲಿಲ್ಲ.

ಅವನಿಗೆ ನಗು ಬಂತು. ಒಂದು ವಾರದಲ್ಲಿ ಮೊದಲ ಸಲ.

"ಏನು ನಗತೀಯಲೇ?"

"ಜಮಾದಾರ್ರ," ಎಂದು ಕೂಗಿದ ದಶರಥ ಚಹಾದಂಗಡಿಯ ಕಡೆಗೆ. "ಚಹಾ ಆಗಿದ್ರ ಇಲ್ಲಿ ಬರ್ರಿ ಸ್ವಲ್ಪ."

ದೌಲತರಾಯ ಟೊಪ್ಪಿಗೆ ಬೆಂಚಿನ ಮೇಲಿಟ್ಟು, ಬಸಿಗೆ ಊದುತ್ತ ಅಷ್ಟೂ ಹೊತ್ತು ಅಲ್ಲೇ ಕೂತಿದ್ದ. ನಿವೃತ್ತಿಯ ಹತ್ತಿರಕ್ಕೆ ಬಂದ ಮನುಷ್ಯ. ಯಾರನ್ನೂ ಹೊಡೆದದ್ದನ್ನು ಯಾರೂ ನೋಡಿರಲಿಲ್ಲ, ಆದರೂ ಕಳ್ಳರು ಅವನ ಮುಂದೆ ಕೂತರೆ ಬೆವರುತ್ತಿದ್ದರು.

"ಬಂದೆ, ಬಂದೆ. ನಾ ಎಲ್ಲಿಗಿ ಹೋಗ್ತೇನಿ? ಸಂಜೀತನ ನಿನ್ನ ನೋಡ್ಕೋತ ಕೂಡೂದೇ ನನ್ನ ಇವತ್ತಿನ ಡ್ಯೂಟಿ."

"ಸರ ಹುಡಕಾಕ ವಾಡೆಕ್ಕ ಯಾವತ್ತು ಹೋಗಿದ್ರಿ?"

"ಇಂವಾ ನಿಮಗ ಕೇಳ್ತಾನ!" ಎಂದು ಹಣಮಂತ್ರಾಯ ಕೆರಳಿದ.

"ಕೇಳ್ಲಿ ಬಿಡ್ರಿ ಸಾವ್ಕಾರ್ರ, ಬಾಯಿ ಅದ ಕೇಳ್ತಾನ." ದೌಲತರಾಯ ಮೀಸೆಯ ಮೇಲಿನ ಚಹಾ ಒರೆಸಿಕೊಂಡ. "ಸೋಮವಾರ ರಾತ್ರಿ ಈ ಜೀಪ್ ಪೂರಾ ಝಾಡಿಸಿ ನೋಡಿದ್ವಿ. ಮಂಗಳವಾರ ವಾಡೆದ ಹೊರಗಿನ ಖೋಲಿ ನೋಡಿದೆ. ಸರ ಸಿಗಲಿಲ್ಲ, ಬಿಸಿ ರೊಟ್ಟಿ, ಪುಂಡಿಪಲ್ಯ ಸಿಕ್ಕಿತು. ನಿಮ್ಮವ್ವನೇ ಹಾಕಿದ್ಲು. ನಾಳಿ ಬಂದು ಅಡಗಿಮನಿ, ಜ್ವಾಳದ ಖೋಲಿ ನೋಡ್ತೇನಿ ಅಂತ ಹೇಳಿ ಎದ್ದೆ. ಬುಧವಾರ ಅದನ್ನೂ ನೋಡಿದೆ. ಅಲ್ಲೂ ಇರಲಿಲ್ಲ."

"ಮಂಗಳವಾರ ಎಲ್ಲಾರ ಮುಂದ ಹೇಳಿದ್ರಿ?"

"ಉಣ್ಣಾಕ ಕುಂತಾಗ ಹೇಳ್ದೆ. ಯಾಕ?"

"ಅಂದ್ರ ಮಂಗಳವಾರ ರಾತ್ರಿ ಅಡಗಿಮನ್ಯಾಗಿದ್ದದ್ದು ಎದ್ದು ಹೊಂಟದ. ಎಲ್ಲಿಗಿ ಹೊಂಟದ? ನೀವು ಮೊದಲೇ ನೋಡಿ ಬಿಟ್ಟ ಜಾಗಕ್ಕ. ಮತ್ತ ಯಾರೂ ನೋಡಲಾರದ ಜಾಗಕ್ಕ." ದಶರಥ ಬಲಗಡೆಯ ಗಡಿಗೆಯನ್ನು ಬಡಿದು ಕೇಳಿಸಿದ. ಎಡಗಡೆಯದನ್ನೂ ಬಡಿದ. ಟಣ್. ಥಪ್. ಬೆಂಚಿನ ಮೇಲಿದ್ದವರು ಎದ್ದು ಬಂದು ಜೀಪಿನ ಸುತ್ತ ನಿಂತರು. ಯಾರೂ ನಗುತ್ತಿರಲಿಲ್ಲ.

ದೌಲತರಾಯ ಇರುವೆಯ ಸಾಲನ್ನು ನೋಡಿದ. ಬೆಲ್ಲದ ಚೂರನ್ನು ಮೂಸಿದ.

"ತಮ್ಮಾ," ಎಂದಳು ಸುಭದ್ರಾಬಾಯಿ. "ಇಲ್ಲಿ ಬ್ಯಾಡ. ಮನೀಗಿ ಹೋಗಿ ಬಿಚ್ಚೂಣು. ಇಷ್ಟು ಮಂದಿ ಮುಂದ..."

ಅವಳ ದನಿಯಲ್ಲಿ ಬೇಡಿಕೆ ಇತ್ತು. ದಶರಥನಿಗೆ ಅದು ಕೇಳಿಸಿತು. ಆದರೆ ವಾರದಿಂದ ಅವನ ಕಿವಿಯೊಳಗೆ ಒಂದೇ ಶಬ್ದ ಬಡಿಯುತ್ತಿತ್ತು, ಕಳ್ಳ, ಕಳ್ಳ. ಅದರ ಮುಂದೆ ಬೇರೆ ದನಿಗಳೆಲ್ಲ ಸಣ್ಣವು.

"ಯಾಕ ಅಕ್ಕಾರ? ಕಳ್ಳ ಅಂದದ್ದು ಮನ್ಯಾಗೇನು? ಮಂದಿ ಮುಂದ ಅಂದಾರ. ಬಿಚ್ಚೂದೂ ಮಂದಿ ಮುಂದೇ." ಅವನು ಸುತ್ತ ನಿಂತವರ ಕಡೆ ತಿರುಗಿದ. "ಕೇಳ್ರಿ ಎಲ್ಲಾರೂ. ಇದನ್ನ ಮುಚ್ಚಿದ್ದು ನಾ ಅಲ್ಲ. ನನ್ನ ಪುಟ್ಟಿ ಬೂದು. ಇದು ಯಾರದೋ ಕೈ. ಈ ಲೈನಿನ್ಯಾಗ ಯಾರು ವೈರ್ ಹ್ಯಾಂಗ ಸುತ್ತತಾರ, ಯಾರು ಸ್ಕ್ರೂ ಹ್ಯಾಂಗ ತಿರುವತಾರ, ನನಗ ಗೊತ್ತದ. ಹಲಗಿ ತೆಗದು ನೋಡಿದಾಕ್ಷಣ ಯಾರ ಕೈ ಅಂತ ಹೆಸರ ಹಿಡದು ಹೇಳ್ತೇನಿ. ಹೇಳಲಿಲ್ಲಾಂದ್ರ ನಾನೇ ಕಳ್ಳ ಅಂತ ತಿಳೀರಿ!"

"ಅಂದಿ ನೋಡು," ಎಂದ ಹಣಮಂತ್ರಾಯ. "ಎಲ್ಲಾರೂ ಕೇಳ್ಯಾರ."

"ಕೇಳ್ಲಿ ಅಂತೇ ಅಂದೀನಿ."

"ಅವಸರ ಮಾಡ್ತಿ ತಮ್ಮಾ," ಎಂದು ದೌಲತರಾಯ ಮೆಲ್ಲಗೆ ಅಂದ. ಆದರೆ ಆಗಲೇ ದಶರಥನ ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು.

ಅಡ್ಡಹಲಗೆ ಬಿಚ್ಚಿ ಬಂತು. ಗಡಿಗೆಯ ಬಾಯಿಗೆ ಬೆನ್ನು ಕೊಟ್ಟು ಕೂತ ಸ್ಪೀಕರ್ ಕಂಡಿತು. ಅದರ ಸುತ್ತ ಕಂದು ಬಣ್ಣದ ಮೆತ್ತಿಗೆ, ಅದರ ತುಂಬ ಇರುವೆ. ದಶರಥ ಊದಿ ಇರುವೆ ಹಾರಿಸುವ ಗೊಡವೆಗೂ ಹೋಗದೆ, ಚಾಕುವಿನ ತುದಿಯಿಂದ ಒಂದು ಕಡೆ ಕಿತ್ತು, ಸ್ಪೀಕರನ್ನು ಮೇಲೆತ್ತಿದ.

ಜೋಳ. ಬಿಳಿಜೋಳ ಕೊರಳ ತನಕ.

"ಅಯ್ಯ, ಜ್ವಾಳ!" ಎಂದು ಯಾರೋ ಹಿಂದಿನಿಂದ ಅಂದರು. ಗುಂಪಿನ ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಂಗಾರ ಎಲ್ಲಿಡುತ್ತಾರೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೆಟ್ಟಿಗೆಗೆ ಬೀಗವಿದ್ದರೆ ಬೀಗ ಮುರಿಯುವವರಿರುತ್ತಾರೆ. ಜೋಳದ ಗಡಿಗೆಗೆ ಗಂಡಸರು ಕೈ ಹಾಕುವುದಿಲ್ಲ. ಇವರ ಅವ್ವಂದಿರೂ ಅಲ್ಲೇ ಇಟ್ಟವರು, ಜೋಳ ತುಂಬಿ, ಬಾಯಿ ಮೆತ್ತಿ. ಸದ್ದಾಗದಂತೆ.

ದೌಲತರಾಯ ಅಂಗಿಯ ತೋಳು ಮಡಿಸಿ ಕೈ ಇಳಿಸಿದ. ಜೋಳ ಅಂಚಿನಿಂದ ಸುರಿಯಿತು. ಮೊಣಕೈ ತನಕ ಮುಳುಗಿದ ಕೈ ನಿಂತಿತು, ಹಿಡಿಯಿತು, ಮೇಲೆ ಬಂತು. ಅರಿವೆಯ ಸಣ್ಣ ಗಂಟು. ಬಿಚ್ಚಿದರೆ, ಗೋದಿ ಬಣ್ಣದ ಗುಂಡುಗಳು ಮೋಡದ ಬೆಳಕಿನಲ್ಲೂ ಮಿಂಚಿದವು. ಬೋರಮಾಳ.

"ಸಿಕ್ತು!" ಹಣಮಂತ್ರಾಯ ಕೈ ಚಾಚಿದ. "ನನ್ನ ಸರ!"

"ನನ್ನ ಸರ," ಎಂದಳು ಸುಭದ್ರಾಬಾಯಿ ತಗ್ಗಿದ ದನಿಯಲ್ಲಿ. ಸರದ ಕಡೆ ಅವಳು ನೋಡುತ್ತಿರಲಿಲ್ಲ. ದಶರಥನ ಕೈಯಲ್ಲಿದ್ದ ಸ್ಪೀಕರನ್ನು ನೋಡುತ್ತಿದ್ದಳು. "ಸಿಕ್ತಲ್ಲ ಹಣಮಂತಾ, ಸಾಕು. ಬಿಟ್ಬಿಡು ಇನ್ನ. ಯಾರೂ ಏನೂ ಕೇಳೂದು ಬ್ಯಾಡ."

"ಬಿಡೂದೇನು? ಇವನ ಡಬ್ಬ್ಯಾಗೇ ಸಿಕ್ಕಾದ! ಇನ್ನೇನು ಸಾಕ್ಷಿ ಬೇಕು ಜಮಾದಾರ್ರ?"

"ಸಾವ್ಕಾರ್ರ, ಸಮಾಧಾನ," ಎಂದ ದೌಲತರಾಯ. ಸರವನ್ನು ಯಾರ ಕೈಗೂ ಕೊಡದೆ ತನ್ನ ಜೇಬಿಗೆ ಇಳಿಸಿದ. "ಬಾಸ್ ಸತ್ತದ್ದು ನಿಮ್ಮ ವಾಡೆದಾಗ. ಜ್ವಾಳ ಈ ತಗಡಿನ ಅಂಗಡ್ಯಾಗ ಇಲ್ಲ. ಬೆಲ್ಲನೂ ಇಲ್ಲ. ಇಂವಾ ಅಲ್ಲ ಅನ್ನೂದು ಖರೇ ಇರಬೇಕು. ಈಗ ಯಾರು ಅಂತ ಇವನೇ ಹೇಳ್ತೇನಂದಾನ. ಹೇಳಪಾ ದಶರಥ. ಯಾರ ಕೈ?"

ದಶರಥ ಸ್ಪೀಕರನ್ನು ತಿರುಗಿಸಿದ.

ಅಂಚಿಗೆ ಒಣಗಿ ಅಂಟಿದ್ದ ಮೆತ್ತಿಗೆ ಕರಜಿಕಾಯಿಯ ಅಂಚಿನಂತೆ ಮಡಿಕೆ ಮಡಿಕೆಯಾಗಿತ್ತು. ಒಂದೊಂದು ಮಡಿಕೆಯ ಮೇಲೆ ಬೆರಳಿನ ಗುರುತು. ಒಂದು ಕಡೆ ತೋರುಬೆರಳು, ಉದ್ದವಾಗಿ, ಗೆರೆ ಎಣಿಸುವಷ್ಟು ಸ್ಪಷ್ಟವಾಗಿ. ಅದರ ಎದುರಿಗೆ ಹೆಬ್ಬೆರಳು ಒತ್ತಬೇಕಾದಲ್ಲಿ ಒಂದು ಗುಂಡನೆಯ ಕುಣಿ. ಉಗುರಿಲ್ಲ. ಗೆರೆಯಿಲ್ಲ. ಮೊಂಡು.

ಮಡಿಕೆಯ ನಂತರ ಮಡಿಕೆ. ಪ್ರತಿಯೊಂದರಲ್ಲೂ ಅದೇ ಕುಣಿ.

ನಾಗರಪಂಚಮಿಗೆ ಅವನು ಸಣ್ಣವನಿದ್ದಾಗಿನಿಂದ ಆ ಕುಣಿಗೆ ತನ್ನ ಬೆರಳಿಟ್ಟು ನೋಡಿ, ಆಮೇಲೆ ಕರಜಿಕಾಯಿ ತಿಂದವನು.

ಸುತ್ತಲಿನ ಸದ್ದೆಲ್ಲ ಹಿಂದೆ ಸರಿಯಿತು. ಬಸ್ಸೊಂದು ಬಂದು ನಿಂತು ಹೋಯಿತು, ಅವನಿಗೆ ಕೇಳಲಿಲ್ಲ. ಮಂಗಳವಾರ ರಾತ್ರಿ ಅವ್ವ ವಾಡೆಯಿಂದ ತಡವಾಗಿ ಬಂದದ್ದು ನೆನಪಾಯಿತು. ಕೈ ತೊಳೆದೇ ತೊಳೆದದ್ದು. ಅಂದು ಬೆಳಿಗ್ಗೆಯೇ ಊರು ಅವನನ್ನು ಕಳ್ಳ ಅಂದಾಗಿತ್ತು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮೆತ್ತಿದ್ದಳು, ಮಗ ಕಟ್ಟಿದ ಗಡಿಗೆಯ ಬಾಯಿಯನ್ನೇ. ಆಮೇಲೆ ದಿನಾ ರಾತ್ರಿ ತಾಟು ಮುಂದಿಟ್ಟು ಒಲೆಯ ಕಡೆ ತಿರುಗಿ ಕೂತಿದ್ದಳು.

ಕೇಳಲಿಲ್ಲ ಅವಳು. ಯಾಕೆ ಕೇಳುತ್ತಾಳೆ? ಅವನು ತಗೊಂಡಿಲ್ಲವೆಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳೇ ಅವಳು.

ತಲೆ ಎತ್ತಿದ. ಸುಭದ್ರಾಬಾಯಿಯ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಬಂಗಾರ ತಮ್ಮನ ಜೀಪಿಗೆ ಹೋಗದೆ ಜೇವರ್ಗಿಯ ಮಗಳಿಗೆ ಮುಟ್ಟಲೆಂದು ಅವ್ವನ ಕೈಯಿಂದ ಇಡಿಸಿದವಳು ಇವಳೇ. ಅವಳು ತುಟಿ ಕಚ್ಚಿ, ತಲೆಯನ್ನು ಇಷ್ಟೇ ಇಷ್ಟು ಅಡ್ಡಡ್ಡ ಆಡಿಸಿದಳು. ಬೇಡ.

"ಯಾಕಲೇ, ನಾಲಿಗಿ ಎಲ್ಲಿ ಹೋತು?" ಹಣಮಂತ್ರಾಯ ಹತ್ತಿರ ಬಂದು ಸ್ಪೀಕರಿನೊಳಗೆ ಇಣುಕಿದ. ಮಡಿಕೆ ನೋಡಿದ, ಕುಣಿ ನೋಡಿದ. ಅವನಿಗೆ ಏನೂ ಕಾಣಲಿಲ್ಲ. ಹುಟ್ಟಿದಾಗಿನಿಂದ ಆ ಕೈಯ ರೊಟ್ಟಿ ತಿಂದಿದ್ದ, ಆ ಕೈ ನೋಡಿರಲಿಲ್ಲ. "ಹೆಸರು ಹೇಳ್ತೇನಿ ಅಂದ್ಯಲ್ಲ? ಎಲ್ಲಾರ ಮುಂದ ಅಂದ್ಯಲ್ಲ? ಹೇಳಲೇ!"

"ಹೇಳೋ ದಶ್ಯಾ," ಎಂದ ಭಗವಂತ ಸ್ಟೇರಿಂಗಿನಿಂದ ಇಳಿದು ಬಂದು. "ಒಂದು ಹೆಸರು ಹೇಳು, ಪಾರಾಗು. ಯಾರರೆ ಇರಲಿ."

ಚಹಾದಂಗಡಿಯವ, ಪಾನ್ ಡಬ್ಬಿಯವ, ಗಾಣಗಾಪುರದ ಭಕ್ತರು, ಎಲ್ಲರ ಬಾಯೂ ಅರ್ಧ ತೆರೆದಿತ್ತು. ಒಂದೇ ಹೆಸರು. ಮೂರಕ್ಷರ. ಅಂದುಬಿಟ್ಟರೆ ಸಂಜೆಗೆ ಅಂಗಡಿ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಹಣಮಂತ್ರಾಯ ಇದೇ ಕ್ರಾಸಿನಲ್ಲಿ ತಲೆ ತಗ್ಗಿಸುತ್ತಾನೆ.

ದಶರಥ ಸ್ಪೀಕರನ್ನು ಬೆಂಚಿನ ಮೇಲೆ ಮಗುಚಿ ಇಟ್ಟ. ಸ್ಕ್ರೂ ಡ್ರೈವರನ್ನು ಅದರ ಪಕ್ಕದಲ್ಲಿಟ್ಟ. ಕೈಗೆ ಅಂಟಿದ್ದ ಬೆಲ್ಲವನ್ನು ಅಂಗಿಗೆ ಒರೆಸಿಕೊಂಡು, ಗುಂಪನ್ನು ಸೀಳಿಕೊಂಡು ಗೊಬ್ಬೂರಿನ ದಾರಿಗೆ ಇಳಿದ.

"ನೋಡ್ರಿ, ನೋಡ್ರಿ! ಹೇಳಲಿಲ್ಲಾಂದ್ರ ನಾನೇ ಕಳ್ಳ ಅಂತ ಅವನೇ ಅಂದಾನ!" ಹಣಮಂತ್ರಾಯನ ಕೂಗು ಬೆನ್ನಿಗೆ ಬಡಿಯಿತು. "ಹಿಡೀರಿ ಜಮಾದಾರ್ರ!"

ದೌಲತರಾಯ ಅವನನ್ನು ಹಿಡಿಯಲು ಹೋಗಲಿಲ್ಲ. ಮಗುಚಿಟ್ಟಿದ್ದ ಸ್ಪೀಕರನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಿದ್ದ. ತನ್ನ ಹೆಬ್ಬೆರಳನ್ನು ಮೊಂಡು ಕುಣಿಯೊಳಗೆ ಇಟ್ಟು ನೋಡಿದ. ಉದ್ದವಾಯಿತು. ಮಡಚಿ ಗೆಣ್ಣು ಇಟ್ಟು ನೋಡಿದ. ಸರಿಹೊಂದಿತು. ಮಂಗಳವಾರ ತನ್ನ ತಾಟಿಗೆ ಬಿದ್ದ ಬಿಸಿ ರೊಟ್ಟಿ ಯಾವ ಕೈಯಿಂದ ಬಿದ್ದಿತ್ತೆಂದು ಅವನು ನೋಡಿಯೇ ಉಂಡಿದ್ದ. ಸುಭದ್ರಾಬಾಯಿ ಗಾಲಿಯ ಪಕ್ಕ ಕುಸಿದು ಕೂತಳು.

"ದಶರಥ," ಎಂದು ಜಮಾದಾರ ಕರೆದ. ಕೂಗಲಿಲ್ಲ, ಮನೆಯೊಳಗೆ ಕರೆದಂತೆ ಕರೆದ. "ನಿಮ್ಮವ್ವ ಈಗ ಎಲ್ಲ್ಯದಾಳ?"

ಆ ಮಾತು ದಶರಥನನ್ನು ಮುಟ್ಟಿತು. ಅವನ ಹೆಜ್ಜೆ ಒಮ್ಮೆ ತಪ್ಪಿತು. ತಿರುಗಲಿಲ್ಲ. ಕ್ರಾಸಿನ ಸದ್ದು ಬೆನ್ನ ಹಿಂದೆ ಸಣ್ಣದಾಗುತ್ತ ಹೋಯಿತು, ಅವನು ನಡೆಯುತ್ತ ಹೋದ.